ಮೂರು ಪ್ಲೇಟು, ಆರು ಮಗ್ಗುಲು

ಆ ಭಾನುವಾರವೂ ಹಾಲು ಎಂದಿನಂತೆ ಅರ್ಧ ನೀರಾಗಿಯೇ ಬಂತು. ನಾನು ಎಂದಿನಂತೆ "ಎಂತ ಮಾರಾಯಾ, ನಿನ್ನ ಎಮ್ಮೆ ಕೆರೆಯಿಂದ ಮೇಲೆ ಬರೋದೇ ಇಲ್ವಾ?" ಎಂದು ಕೇಳಿದೆ. ಹಾಲಿನವನು ಎಂದಿನಂತೆ ನಕ್ಕು ಸೈಕಲ್ ಹತ್ತಿದ. ಬಚ್ಚಲ ಒಲೆಗೆ ಉರಿ ಹಾಕಿ, ಡಿಕಾಕ್ಷನ್ ಇಳಿಯಲು ಬಿಟ್ಟು, ದೋಸೆಯ ಕಾವಲಿಗೆ ಎಣ್ಣೆ ಸವರುವ ಹೊತ್ತಿಗೆ ಜಗಲಿಯಿಂದ ಗುನುಗು ಕೇಳಿಸಿತು. ನಮ್ಮ ಯಜಮಾನರು ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಉಳಿದ ದಿನಗಳಲ್ಲಿ ಅವರು ಗುನುಗುವುದು ದೇವರನಾಮ. ಕೋರ್ಟಿಗೆ ಹೋಗುವ ವಕೀಲರಿಗೆ ಅದು ಬೇಕಾಗುತ್ತದೆ. ಭಾನುವಾರ ಮಾತ್ರ ಪಾಶ್ಚಾತ್ಯ ಸಂಗೀತ. ಕೆನ್ನೆಯ ಮೇಲೆ ಸೋಪಿನ ನೊರೆ ಇರುವಾಗ ತುತ್ತೂರಿ ಊದುತ್ತಿದ್ದರು. ಬ್ಲೇಡು ಗಂಟಲ ಹತ್ತಿರ ಬಂದಾಗ ಪಿಟೀಲಿಗೆ ಇಳಿಯುತ್ತಿದ್ದರು.

ಹಿತ್ತಿಲಿನ ಗಿಡ್ಡ ಗೋಡೆಯಾಚೆಯಿಂದ ಪಕ್ಕದ ಮನೆಯ ಅಕ್ಕ ತಲೆ ಎತ್ತಿದರು. ತುಮರಿ ಕಡೆಯಿಂದ ಬಂದು ಪೇಟೆಯಲ್ಲಿ ಮನೆ ಮಾಡಿದ್ದ ಹಿರಿಯ ಹೆಂಗಸು. ಅವರ ಅಡಿಗೆಮನೆಗೂ ನಮ್ಮ ಹಜಾರಕ್ಕೂ ನಡುವೆ ಒಂದೇ ಗೋಡೆ.

"ತಂಗಿ, ಇವತ್ತೂ ಹಾಡಿನ ಪೆಟ್ಟಿಗೆ ಇದ್ದನೇ?"

"ಇದೆ ಅಕ್ಕಾ."

"ಎಷ್ಟೊತ್ತಿಗೆ?"

"ದೀಪ ಹಚ್ಚೋ ಹೊತ್ತಿಗೆ."

"ಹಂಗಾರೆ ಅಡ್ಡಿಲ್ಲೆ" ಎಂದು ತಲೆ ತಗ್ಗಿಸಿದರು. ಪ್ರತಿ ಭಾನುವಾರ ಇದೇ ಪ್ರಶ್ನೆ, ಇದೇ ಉತ್ತರ. ನಮ್ಮ ಗದ್ದಲದಿಂದ ತಪ್ಪಿಸಿಕೊಳ್ಳಲು ಮನೆ ಬಿಟ್ಟು ಎಲ್ಲಾದರೂ ಹೋಗಿ ಕೂರುತ್ತಾರೇನೋ ಎಂದು ನಾನು ಅಂದುಕೊಂಡಿದ್ದೆ.

ಅರವತ್ತರ ದಶಕದ ನಡುವಿನ ಮಾತು ಇದು. ಸಾಗರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾವು ಬಾಡಿಗೆಗಿದ್ದೆವು. ಶರಾವತಿಯ ಕೆಲಸಕ್ಕೆಂದು ಬಂದ ಇಂಜಿನಿಯರುಗಳ ಜೀಪು ಊರ ತುಂಬ ಓಡಾಡುತ್ತಿದ್ದ ಕಾಲ. ಅವರಲ್ಲಿ ಒಬ್ಬರು, ಮದುವೆಯಾಗದೆ ತಲೆ ನೆರೆದವರು, ಯಾವುದೋ ಜಮೀನಿನ ವಿಷಯ ಕೇಳಲು ನಮ್ಮ ಮನೆಗೆ ಬಂದು ಹೋಗಿ ಸ್ನೇಹಿತರಾಗಿದ್ದರು. ರೇಡಿಯೋ, ಗ್ರಾಮಾಫೋನು ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದ ತಮ್ಮ ದೊಡ್ಡ ರೇಡಿಯೋಗ್ರಾಂ ಅನ್ನು ತಂಗಿಯ ಮನೆಗೆ ಸಾಗಿಸಿದ ಮೇಲೆ, ಬಹಳ ಹಿಂದೆ ಹೊರದೇಶದಲ್ಲಿ ಕೊಂಡಿದ್ದ ಮೂರು ಗ್ರಾಮಾಫೋನ್ ಪ್ಲೇಟುಗಳನ್ನು ಮಾತ್ರ "ಲಾರಿಯಲ್ಲಿ ಒಡೆದು ಹೋಗ್ತವೆ, ನಿಮ್ಮಲ್ಲಿರಲಿ, ಕೇಳ್ತಾ ಇರಿ" ಎಂದು ಬಿಟ್ಟುಹೋಗಿದ್ದರು. ಮೂರೂ ಸೇರಿ ಒಂದೇ ಕೃತಿ. ನೂರು ಜನ ಒಟ್ಟಿಗೆ ಕೂತು ನುಡಿಸುವಂಥದು. "ಇದನ್ನ ಅವರ ದೇಶದಲ್ಲೇ ಯಾರೂ ನುಡಿಸಲ್ಲ, ಪಾಪ" ಎಂದು ಅವರೇ ಹೇಳಿದ್ದರು.

ನಮ್ಮ ಯಜಮಾನರಿಗೆ ಬೇಕಾದದ್ದೂ ಅದೇ. ಎಲ್ಲರಿಗೂ ಗೊತ್ತಿರುವ ಕೃತಿಯ ಬಗ್ಗೆ ಮಾತಾಡಿದರೆ ಯಾರಾದರೂ ತಪ್ಪು ಹಿಡಿಯಬಹುದು. ಇದನ್ನು ಹೊಗಳಿದರೆ ಅಲ್ಲ ಎನ್ನುವವರು ಸಾಗರದಲ್ಲಿ ಹಾಗಿರಲಿ, ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ನಮ್ಮ ಮಾವನ ಕಾಲದ ಕೀ ಕೊಡುವ ಗ್ರಾಮಾಫೋನನ್ನು ಅಟ್ಟದಿಂದ ಇಳಿಸಿದರು. ಭಾನುವಾರ ಸಂಜೆಯ ಶ್ರವಣ ಗೋಷ್ಠಿ ಶುರುವಾಯಿತು. ಕಾಲೇಜಿನ ಕನ್ನಡ ಮೇಷ್ಟ್ರು ಅದರ ಪಂಡಿತರು. ಉಳಿದ ನಾಲ್ಕೈದು ಮಂದಿ ನಮ್ಮ ಮನೆಯ ಒಗ್ಗರಣೆ ಅವಲಕ್ಕಿಯ ಅಭಿಮಾನಿಗಳು.

ನಾನು ಕೇಳುತ್ತಿದ್ದದ್ದು ಅಡಿಗೆಮನೆಯಿಂದ. ಮೊದಲ ಮಗ್ಗುಲಿನಲ್ಲಿ ಒಂದು ಸಣ್ಣ ರಾಗ ಬರುತ್ತಿತ್ತು. ಕೊಳಲಿನಂಥ ಯಾವುದೋ ಊದುವ ವಾದ್ಯ, ಒಂಟಿಯಾಗಿ. ತೀರ್ಥಹಳ್ಳಿಯಲ್ಲಿ ನನ್ನ ತವರಿನ ಹಿಂದೆಯೇ ಹೊಳೆ. ಆಚೆ ದಡದಿಂದ ಯಾರಾದರೂ ದೋಣಿಯವನನ್ನು ಕೂಗಿದರೆ ಆ ಕೂಗು ನೀರಿನ ಮೇಲೆ ಹೀಗೆಯೇ ತೆಳ್ಳಗಾಗಿ ಬರುತ್ತಿತ್ತು. ಅದನ್ನು ಕೇಳಿದ ಮೊದಲ ಭಾನುವಾರ ಒಗ್ಗರಣೆಯ ಸಾಸಿವೆ ಕಪ್ಪಗಾಯಿತು. ಆಮೇಲೆ ಮಜ್ಜಿಗೆ ಕಡೆಯುವಾಗ, ಬಟ್ಟೆ ಹಿಂಡುವಾಗ ಅದು ತಾನಾಗಿ ಬಾಯಿಗೆ ಬರತೊಡಗಿತು.

ಆದರೆ ಏನೋ ಒಂದು ಸರಿಯಿರಲಿಲ್ಲ. ಆ ಕೂಗು ಮುಗಿಯುತ್ತಿದ್ದಂತೆಯೇ, ಪ್ಲೇಟು ಮಗುಚಿ ಹಾಕಿದ ಕೂಡಲೇ, ನೂರು ವಾದ್ಯಗಳೂ ಒಟ್ಟಿಗೆ ಅದೇ ರಾಗವನ್ನು ಹಿಡಿದು, ನಗಾರಿ ಢಂ ಢಂ ಎಂದು ಬಡಿದು, ಎಲ್ಲ ಮುಗಿದೇ ಹೋಯಿತು ಎನ್ನುವಂತೆ ನಿಲ್ಲುತ್ತಿತ್ತು. ಇನ್ನೂ ಎರಡು ಪ್ಲೇಟು ಉಳಿದಿರುತ್ತಿತ್ತು! ದೋಣಿ ಬಂದು, ಹತ್ತಿಸಿಕೊಂಡು, ದಡ ಮುಟ್ಟಿಸಿ, ಜನರೆಲ್ಲ ಮನೆಗೆ ಹೋದ ಮೇಲೆ ಮತ್ತೆ ಯಾರೋ ಹೊಳೆಯ ನಡುವೆ ನಿಂತು ಅಳುತ್ತಿದ್ದರು. ಕೊನೆಯ ಮಗ್ಗುಲಂತೂ ಅರ್ಧ ಮಾತಿನಲ್ಲಿ ಕತ್ತರಿಸಿ ನಿಲ್ಲುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಹಾಡು ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ಹಾಡನ್ನು ನಡುವೆ ನಿಲ್ಲಿಸಿದರೆ ನಮ್ಮನ್ನು ಕೂರಲು ಬಿಡುತ್ತಿರಲಿಲ್ಲ. "ಹಾಡು ಇನ್ನೂ ನಿಂತೇ ಇದೆ, ನೀವೂ ನಿಂತಿರಿ" ಎನ್ನುತ್ತಿದ್ದರು. ಭಾನುವಾರ ರಾತ್ರಿ ಹಾಸಿಗೆಯಲ್ಲಿ ಮಲಗಿದರೂ ನನಗೆ ನಿಂತೇ ಇದ್ದಂತೆ ಅನಿಸುತ್ತಿತ್ತು.

ಹಜಾರದ ಗಂಡಸರಿಗೆ ಆ ತೊಂದರೆ ಇರಲಿಲ್ಲ. ನಡುವೆ ನಿಲ್ಲುವುದೇ ಇದರ ಹೆಚ್ಚುಗಾರಿಕೆ ಎಂದು ಮೇಷ್ಟ್ರು ತೀರ್ಮಾನಿಸಿದ್ದರು. ಆಗ ನಮ್ಮ ಸಾಹಿತ್ಯದಲ್ಲೂ ಹೊಸ ಗಾಳಿ ಎದ್ದ ಕಾಲ. ಕತೆಗೆ ಕೊನೆ ಇದ್ದರೆ ಅದನ್ನು ಹಳೆಯದು ಎನ್ನುತ್ತಿದ್ದರು. "ನೋಡಿ, ಮೊದಲೇ ಸ್ಫೋಟ. ಆಮೇಲೆ ಬರೀ ಬೂದಿ. ಆಧುನಿಕ ಮನುಷ್ಯನ ಅಪೂರ್ಣತೆ ಅಂದ್ರೆ ಇದು" ಎಂದು ಅವರು ಅವಲಕ್ಕಿಯ ಚಮಚವನ್ನು ಗಾಳಿಯಲ್ಲಿ ನಿಲ್ಲಿಸುತ್ತಿದ್ದರು. "ಅಪೂರ್ಣತೆ!" ಎಂದು ನಮ್ಮ ಯಜಮಾನರು ತಲೆ ಆಡಿಸುತ್ತಿದ್ದರು. ಅವಲಕ್ಕಿ ಮಾತ್ರ ಯಾರ ತಟ್ಟೆಯಲ್ಲೂ ಅಪೂರ್ಣವಾಗಿ ಉಳಿದದ್ದು ನಾನು ನೋಡಿಲ್ಲ.

ಆ ಭಾನುವಾರದ ಗೋಷ್ಠಿ ಕೊನೆಯದು. ಇಂಜಿನಿಯರಿಗೆ ದೂರದ ಊರಿಗೆ ವರ್ಗವಾಗಿತ್ತು. ಮರುದಿನ ಬೆಳಿಗ್ಗೆ ಅವರ ಜೀಪು ಬಂದು ಪ್ಲೇಟುಗಳನ್ನು ಒಯ್ಯುವುದಿತ್ತು. ಹೀಗಾಗಿ ಅಂದು ವಿಶೇಷ ಏರ್ಪಾಡು. ಹೊಸನಗರದಿಂದ ನಿವೃತ್ತ ಅಮಲ್ದಾರರು ಮುಖ್ಯ ಅತಿಥಿಯಾಗಿ ಬರುವವರಿದ್ದರು. ಮೇಷ್ಟ್ರು ಪ್ರಬಂಧ ಓದುವವರಿದ್ದರು. ನಮ್ಮ ಯಜಮಾನರಿಗೆ ವಾಚನಾಲಯದ ಕಾರ್ಯದರ್ಶಿಯಾಗುವ ಆಸೆ, ಅಮಲ್ದಾರರು ಒಂದು ಮಾತು ಹೇಳಿದರೆ ಅದು ಆಗುವುದು ಎಂಬ ನಂಬಿಕೆ.

ದೋಸೆ ತಿನ್ನುತ್ತ ಅವರೇ ಮಾತು ತೆಗೆದರು. "ಇವತ್ತು ಮಷೀನು ನೀನು ನೋಡ್ಕೊಳ್ಳಬೇಕು. ಅಮಲ್ದಾರರ ಎದುರು ನಾನು ಹ್ಯಾಂಡ್ಲು ತಿರುವುತ್ತಾ ನಿಂತ್ರೆ ಕಬ್ಬಿನ ಹಾಲು ಮಾರೋನ ಥರ ಕಾಣ್ತೀನಿ."

"ನಾನು ತಿರುವಿದ್ರೆ?"

"ನೀನು ತಿರುವಿದ್ರೆ ಎಂತ ಆಯ್ತು? ದಿನಾ ರುಬ್ಬೋ ಕಲ್ಲು ತಿರುವಲ್ವಾ?"

ಅಲ್ಲಿಯವರೆಗೆ ಆ ಪ್ಲೇಟುಗಳನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ. ತಮ್ಮ ಮದುವೆಯ ರೇಷ್ಮೆ ಶಲ್ಯದ ಚೂರಿನಿಂದ ಅವರೇ ಒರೆಸಿ ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದರು. ಅಂದು ಬೀಗದ ಕೈ, ಶಲ್ಯದ ಚೂರು, ಜೊತೆಗೆ ಪ್ಲೇಟಿನ ಮೇಲೆ ಓಡುವ ಮುಳ್ಳಿನ ಡಬ್ಬಿ ಎಲ್ಲ ನನ್ನ ಕೈಗೆ ಬಂತು. "ಮುಳ್ಳು ಜೋಪಾನ. ಹೊಸದು ಬೇಕಂದ್ರೆ ಶಿವಮೊಗ್ಗಕ್ಕೇ ಹೋಗ್ಬೇಕು" ಎಂದರು. ಮಗ್ಗುಲಿಗೊಂದು ಮುಳ್ಳು ಸವೆಯುತ್ತಿತ್ತು. ಡಬ್ಬಿಯಲ್ಲಿ ಉಳಿದದ್ದು ಆರೇ. ಅಂದರೆ ಒಂದು ಸಲಕ್ಕೆ ಸರಿಯಾಗಿ.

ಅಡಿಗೆಮನೆಯ ಕಿಟಕಿಯ ಬೆಳಕಿಗೆ ಕೂತು ಒರೆಸತೊಡಗಿದೆ. ನಡುವಿನ ಲೇಬಲ್ಲಿನಲ್ಲಿ ಓದಲು ಬಾರದ ಯಾವುದೋ ಭಾಷೆ. ಅಂಚಿನಲ್ಲಿ ಮಾತ್ರ ನಮಗೂ ತಿಳಿಯುವ ಸಣ್ಣ ಅಂಕಿ. ಮೊದಲ ಪ್ಲೇಟಿಗೆ ಒಂದು; ಮಗುಚಿದರೆ ಆರು. ಎರಡನೆಯದಕ್ಕೆ ಎರಡು, ಬೆನ್ನಿಗೆ ಐದು. ಮೂರನೆಯದಕ್ಕೆ ಮೂರು, ಬೆನ್ನಿಗೆ ನಾಲ್ಕು. ಹೀಗೇಕೆ ಎಂದು ನೋಡುತ್ತಿದ್ದಂತೆ ಇಂಜಿನಿಯರು ಒಮ್ಮೆ ಕಾಫಿ ಕುಡಿಯುತ್ತ ಹೇಳಿದ್ದು ನೆನಪಾಯಿತು. ಯಜಮಾನರು ಆಗ ಹೊರಗೆ ಯಾರೊಂದಿಗೋ ಮಾತಾಡುತ್ತಿದ್ದರು. "ನನ್ನ ಮಷೀನು ಸೋಮಾರಿಗಳಿಗೆ ಮಾಡಿದ್ದು ಕಣಮ್ಮ. ಮೂರೂ ಪ್ಲೇಟು ಒಟ್ಟಿಗೆ ಏರಿಸಿಬಿಟ್ರೆ ಒಂದಾದ ಮೇಲೆ ಒಂದು ತಾನೇ ಕೆಳಗೆ ಬಿದ್ದು ಹಾಡ್ತವೆ. ಆಮೇಲೆ ಮೂರನ್ನೂ ಹಾಗೇ ಬೋರಲು ಹಾಕಿದ್ರೆ ಉಳಿದರ್ಧ."

ಪಕ್ಕದಲ್ಲಿ ತಟ್ಟೆಯಲ್ಲಿ ಮೂರು ದೋಸೆ ಒಂದರ ಮೇಲೊಂದು ಇತ್ತು. ಆ ಅಡುಕನ್ನು ಹಾಗೆಯೇ ಇನ್ನೊಂದು ತಟ್ಟೆಗೆ ಬೋರಲು ಹಾಕಿದೆ. ಮೊದಲು ಹುಯ್ದ ದೋಸೆ ಮೇಲೆ ಬಂತು, ಕೊನೆಯದು ಅಡಿಗೆ ಹೋಯಿತು. ಅಷ್ಟೆ ವಿಷಯ. ಪ್ಲೇಟುಗಳು ಆ ಮಷೀನಿಗೆ ತಕ್ಕಂತೆ ಮಾಡಿದವು. ಮೊದಲು ಮೂರೂ ಪ್ಲೇಟಿನ ಮುಖ, ಆಮೇಲೆ ಕೆಳಗಿನಿಂದ ಮೂರೂ ಪ್ಲೇಟಿನ ಬೆನ್ನು. ನಮ್ಮ ಮನೆಯಲ್ಲಿ ಒಂದಾದ ಮೇಲೆ ಆರು, ಎರಡಾದ ಮೇಲೆ ಐದು ಎಂದು ಹಾಕಿ, ಇಷ್ಟು ತಿಂಗಳಿನಿಂದ ಒಂದು ಕೃತಿಯ ಕೈಕಾಲು ಅದಲುಬದಲು ಜೋಡಿಸಿ, ಅದು ಕುಂಟುವುದನ್ನು ಕಂಡು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಓಡಿಹೋಗಿ ಯಜಮಾನರಿಗೆ ಹೇಳಿದೆ.

"ಅಲ್ಲಾ, ಈ ನಂಬರು ನೋಡಿದ್ರಾ? ಒಂದರ ಬೆನ್ನಿಗೆ ಆರು ಇದೆ."

"ಅದು ಫ್ಯಾಕ್ಟರಿಯವರ ನಂಬರು."

"ಎರಡರ ಬೆನ್ನಿಗೆ ಐದು, ಮೂರರ ಬೆನ್ನಿಗೆ ನಾಲ್ಕು. ಫ್ಯಾಕ್ಟರಿಯವರು ಇಷ್ಟು ಚಂದ ಮಾಡಿ ಹಾಕ್ತಾರಾ?"

ಅವರು ಪೇಪರು ಮಡಿಸಿದರು. ಸಾಕ್ಷಿಯನ್ನು ಪಾಟಿ ಸವಾಲಿಗೆ ಕರೆದಾಗ ಬರುವ ದನಿ ಬಂತು. "ನೋಡು, ಪುಸ್ತಕದ ಹಾಳೆ ಓದಿ ಮುಗಿಸಿದ ಮೇಲೆ ಏನು ಮಾಡ್ತೀ? ಮಗುಚ್ತೀ. ಹೌದೋ ಅಲ್ವೋ?"

"ಹೌದು."

"ಪ್ಲೇಟೂ ಹಾಗೇ."

"ಈಗ ದೋಸೆ ಮಗುಚಿ ನೋಡಿದೆ, ಇಂಜಿನಿಯರು ಹೇಳಿದ್ರಲ್ಲ, ಅವರ ಮಷೀನಿನಲ್ಲಿ—"

"ಅವರು ಸಿಮೆಂಟಿನ ಇಂಜಿನಿಯರು. ಮೇಷ್ಟ್ರು ತಿಂಗಳುಗಟ್ಟಲೆ ಕೂತು ಪ್ರಬಂಧ ಬರೆದಿದ್ದಾರೆ. ಅದನ್ನ ನೀನು ದೋಸೆ ಮಗುಚಿ ತಪ್ಪು ಅಂತೀಯಾ?"

ಹೌದು ಎನ್ನಬಹುದಿತ್ತು. ಅಡಿಗೆಮನೆಗೆ ಬಂದು ಮುಳ್ಳಿನ ಡಬ್ಬಿಯನ್ನೇ ನೋಡುತ್ತ ಕೂತೆ. ಬೆಳಗಾದರೆ ಜೀಪು ಬರುತ್ತದೆ. ಅವರ ದೇಶದಲ್ಲೇ ಯಾರೂ ನುಡಿಸದ ಕೃತಿ ಮತ್ತೆ ಸಾಗರದ ಬಸ್ ಸ್ಟ್ಯಾಂಡಿನ ಹಿಂದೆ ನನಗಾಗಿ ಬರುವುದಿಲ್ಲ. ಹೊಳೆಯಾಚೆಯ ಆ ಕೂಗಿಗೆ ದೋಣಿ ಹೇಗೆ ಬಂತು, ನಡುವೆ ಏನಾಯಿತು ಎಂದು ಕೇಳುವುದಾದರೆ ಇವತ್ತೇ ಕೇಳಬೇಕು. ಗಂಡನ ಮಾತು ಕೇಳಿದರೆ ಅದು ಜನ್ಮದಲ್ಲಿ ಸಾಧ್ಯವಿಲ್ಲ.

ಸಂಜೆ ಅಮಲ್ದಾರರು ಬಂದರು. ಜರಿಯ ಪೇಟ, ಬೆತ್ತ, ನಶ್ಯದ ಡಬ್ಬಿ. ಹೊಸನಗರದ ಬಸ್ಸಿನ ಧೂಳು ಪೇಟದ ಒಂದು ಮಗ್ಗುಲಿಗೆ ಮಾತ್ರ ಕೂತಿತ್ತು. ಕಿಟಕಿಯ ಪಕ್ಕ ಕೂತಿದ್ದರೆಂದು ಗೊತ್ತಾಗುತ್ತಿತ್ತು. ಅವರನ್ನು ಬೆತ್ತದ ಕುರ್ಚಿಗೆ ಕೂರಿಸಿ ನಮ್ಮ ಯಜಮಾನರು ಪಕ್ಕದಲ್ಲೇ ಕೂತರು. ನಾನು ಹಜಾರದ ಮೂಲೆಯಲ್ಲಿ, ಮಷೀನಿನ ಹಿಂದೆ, ಸೆರಗು ಹೊದ್ದು ನಿಂತೆ. ಕೀ ಕೊಟ್ಟೆ. ಮೊದಲ ಮುಳ್ಳು ಸಿಕ್ಕಿಸಿ ಇಳಿಸಿದೆ.

ಕೂಗು ಬಂತು. ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಊದುವವನು ನಡುನಡುವೆ ಉಸಿರು ಎಳೆದುಕೊಳ್ಳುವ ಸದ್ದೂ ಪ್ಲೇಟಿನಲ್ಲಿತ್ತು. ಅಡಿಗೆಮನೆಗೆ ಅದು ಬರುತ್ತಿರಲಿಲ್ಲ.

ಮಗ್ಗುಲು ಮುಗಿಯಿತು. ಅಮಲ್ದಾರರ ಗಲ್ಲ ಆಗಲೇ ಎದೆಗೆ ತಾಗಿತ್ತು. ಪ್ಲೇಟನ್ನು ಮಗುಚದೆ ಎತ್ತಿದೆ. ನಮ್ಮ ಯಜಮಾನರ ಒಂದು ಕಣ್ಣು ತೆರೆಯಿತು. ನಾನು ಶಲ್ಯದ ಚೂರು ತೆಗೆದುಕೊಂಡು ಒರೆಸಿದೆ, ದೀಪಕ್ಕೆ ಹಿಡಿದು ನೋಡಿದೆ, ಮತ್ತೆ ಒರೆಸಿದೆ. ಹೆಂಡತಿ ಏನನ್ನಾದರೂ ಒರೆಸುತ್ತಿದ್ದಾಳೆ ಎಂದರೆ ಗಂಡಸರಿಗೆ ನಂಬಿಕೆ ಬರುತ್ತದೆ. ಕಣ್ಣು ಮುಚ್ಚಿತು. ಅದನ್ನು ಪಕ್ಕಕ್ಕಿಟ್ಟು ಎರಡನೆಯ ಪ್ಲೇಟನ್ನು ಹಾಕಿದೆ.

ಅಷ್ಟರಲ್ಲಿ ಮೇಷ್ಟ್ರು ಎದ್ದು ನಿಂತು ಮೊದಲ ಹಾಳೆ ಓದಿದ್ದರು. "ಮುಂದೆ ಬರುವುದು ಸ್ಫೋಟ. ಯುದ್ಧ. ಒಂದು ಇಡೀ ನಾಗರಿಕತೆ ಕುಸಿಯುವ ಸದ್ದು. ಗಮನಿಸಬೇಕು."

ಎಲ್ಲರೂ ಗಮನಿಸಿದರು. ಪಿಟೀಲುಗಳು ನಿದ್ದೆಗಣ್ಣಿನಲ್ಲಿ ಮಾತಾಡಿಕೊಳ್ಳುವಂತೆ ಮೆಲ್ಲನೆ, ತೊಟ್ಟಿಲು ತೂಗುವ ಹಾಗೆ ಹೋದವು. ಈಗ ಯಾರಾದರೂ ಏಳುತ್ತಾರೆ, ಈಗ "ಇದೇನು?" ಎನ್ನುತ್ತಾರೆ. ಮಗ್ಗುಲು ಮುಗಿಯಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕೇಳಿದಿರಲ್ಲ, ಆ ಭಯಂಕರ ಸ್ಫೋಟ!"

"ಅಬ್ಬಬ್ಬ" ಎಂದರು ಅವಲಕ್ಕಿ ಅಭಿಮಾನಿಗಳಲ್ಲಿ ಒಬ್ಬರು. "ಮೈ ಜುಂ ಅಂತು."

ಅಲ್ಲಿಗೆ ನನ್ನ ಹೆದರಿಕೆ ಹೋಯಿತು. ಮೂರನೆಯ ಮಗ್ಗುಲು ಹಾಕಿದೆ. ಅದರ ಬೆನ್ನಿಗೇ ನಾಲ್ಕನೆಯದು. ನಾವು ಪ್ರತಿ ಭಾನುವಾರ ಅರ್ಧಕ್ಕೆ ಬಿಡುತ್ತಿದ್ದ ಮಾತು. ಅದು ಕತ್ತರಿಸಿ ನಿಂತ ಜಾಗದಿಂದಲೇ ಐದನೆಯದು ಎತ್ತಿಕೊಂಡಿತು. ನೂಲು ಎಲ್ಲಿ ಕಡಿದಿತ್ತೋ ಅಲ್ಲೇ ಗಂಟು ಬಿತ್ತು. ಮೊದಲ ಮಗ್ಗುಲಿನ ಕೂಗು ನಡುವೆ ಎಲ್ಲೂ ಕೇಳಿಸದೆ, ಮರೆತೇ ಹೋಯಿತೇನೋ ಅನ್ನುವಷ್ಟರಲ್ಲಿ, ಐದರ ಕೊನೆಗೆ ಅದರ ಎರಡೇ ಸ್ವರ ದೂರದಲ್ಲಿ ಬಂದು ಹೋದವು. ಆಚೆ ದಡದಲ್ಲಿ ಅವರು ಇನ್ನೂ ಕಾಯುತ್ತಲೇ ಇದ್ದರು. ಮೇಷ್ಟ್ರು ನಡುನಡುವೆ ಬೂದಿ, ನಿರ್ವಾತ, ಅಸಂಗತ ಎಂದು ಓದುತ್ತಿದ್ದರು. ಅವರ ಹಾಳೆ ಅವರ ದಾರಿ ಹಿಡಿದಿತ್ತು, ಪ್ಲೇಟು ತನ್ನ ದಾರಿ. ಒಬ್ಬರಿಂದ ಇನ್ನೊಬ್ಬರಿಗೆ ಏನೂ ತೊಂದರೆಯಾಗಲಿಲ್ಲ.

ಕೊನೆಯ ಮುಳ್ಳು ಸಿಕ್ಕಿಸಿದೆ. ಮೊದಲ ಪ್ಲೇಟಿನ ಬೆನ್ನು. ಕೀ ಪೂರ್ತಿ ಕೊಟ್ಟೆ.

ಅದೇ ರಾಗ. ಆದರೆ ಈಗ ಒಂಟಿಯಲ್ಲ. ನೂರು ಜನ ಹುಟ್ಟು ಹಾಕಿ ದೋಣಿಯನ್ನು ತರುತ್ತಿದ್ದರು. ಎಷ್ಟೋ ಭಾನುವಾರ ಕೇಳಿದ್ದ ಅದೇ ಗದ್ದಲ, ಒಂದು ಸ್ವರವೂ ಹೊಸದಲ್ಲ. ಅಲ್ಲಿಯವರೆಗೆ ಕಾದವರಿಗೆ ಮಾತ್ರ ಅದು ಬೇರೆ. ನಗಾರಿ ಬಡಿಯಿತು. ಢಂ, ಢಂ, ಢಂ. ನಿಂತಿತು. ಸೆರಗಿನ ತುದಿ ಒದ್ದೆಯಾಗಿದ್ದನ್ನು ನಾನು ಆಮೇಲೆ ನೋಡಿಕೊಂಡದ್ದು. ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ ಈಗ ಕೂರಲು ಹೇಳುತ್ತಿದ್ದರು. ನಾನು ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ.

ನಗಾರಿಗೆ ಅಮಲ್ದಾರರು ಬೆಚ್ಚಿ ಎದ್ದರು. "ಮುಗೀತಾ? ಬಹಳ ಚೆನ್ನಾಗಿತ್ತು. ಏನು ಗಾಂಭೀರ್ಯ!" ಎಂದು ನಶ್ಯದ ಡಬ್ಬಿ ಹುಡುಕಿದರು.

ಮೇಷ್ಟ್ರು ಕೊನೆಯ ಹಾಳೆಗೆ ಬಂದಿದ್ದರು. ಆ ನಗಾರಿಯ ಸದ್ದು ಹಜಾರದ ಹಂಚಿನಲ್ಲಿ ಇನ್ನೂ ಇರುವಾಗಲೇ ಅವರು ಓದಿದರು: "ಹೀಗೆ ಈ ಕೃತಿ ಮುಗಿಯುವುದಿಲ್ಲ. ಅರ್ಧದಲ್ಲೇ ನಿಂತುಬಿಡುತ್ತದೆ. ನಾವು ನೀವು ತ್ರಿಶಂಕುವಿನಂತೆ ನೇತಾಡುತ್ತೇವೆ."

ಚಪ್ಪಾಳೆ ಬಿತ್ತು. ನಮ್ಮ ಯಜಮಾನರು ಕಣ್ಣು ತೆರೆಯದೆಯೇ, ಉಸಿರು ಬಿಟ್ಟು, "ಅಪೂರ್ಣತೆ... ಏನು ಅಪೂರ್ಣತೆ ಸ್ವಾಮಿ!" ಎಂದರು.

ಮೇಷ್ಟ್ರು ನನ್ನ ಕಡೆ ತಿರುಗಿ ದೊಡ್ಡ ಮನಸ್ಸು ಮಾಡಿ ಕೇಳಿದರು. "ಅಮ್ಮಾ, ನೆಲದ ಮೇಲೆ ಕೂತುಬಿಟ್ರಿ. ನಿಂತು ನಿಂತು ಬೇಜಾರಾಯ್ತೇನೋ? ಇದೆಲ್ಲ ಸ್ವಲ್ಪ ಕಷ್ಟ, ಅರ್ಥ ಆಗೋದಕ್ಕೆ."

"ಹೌದು, ಕಷ್ಟವೇ ಕಾಣ್ತದೆ" ಎಂದೆ. "ಅವಲಕ್ಕಿ ತರ್ತೀನಿ."

ಎಲ್ಲರೂ ಹೋದ ಮೇಲೆ ಪ್ಲೇಟುಗಳನ್ನು ಒರೆಸಿ ಅವುಗಳ ರಟ್ಟಿನ ಚೀಲಕ್ಕೆ ಸೇರಿಸಿದೆ. ಜಗಲಿಯಲ್ಲಿ ಯಜಮಾನರು ಕಾಲು ಚಾಚಿ ಕೂತಿದ್ದರು. "ಚೆನ್ನಾಗಿ ಮಾಡಿದೆ ಕಣೆ. ನೋಡು, ಬೆಳಿಗ್ಗೆ ನಂಬರು ಗಿಂಬರು ಅಂತ ತಲೆ ಕೆಡಿಸ್ಕೊಂಡಿದ್ದೆ. ನಾನು ಹೇಳಿದ ಹಾಗೆ ಹಾಕಿದ್ದಕ್ಕೆ ಎಷ್ಟು ಸರಿಹೋಯ್ತು" ಎಂದರು. ನಾನು ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದೆ.

ಗಿಡ್ಡ ಗೋಡೆಯಾಚೆ ಪಕ್ಕದ ಮನೆಯ ಅಕ್ಕ ಒಂದು ಕೈಯಲ್ಲಿ ಬುಡ್ಡಿ ದೀಪ, ಇನ್ನೊಂದರಲ್ಲಿ ಖಾಲಿ ಲೋಟ ಹಿಡಿದು ಕಾಯುತ್ತಿದ್ದರು.

"ಎಂತ ತಂಗಿ, ಇವತ್ತು ಆ ಢಂ ಢಂ ಕಡೀಗೆ ಬಂತಲೇ? ನಾನು ಯಾವಾಗ್ಲೂ ಅದು ಕೇಳಿದ ಕೂಡ್ಲೆ ಅನ್ನ ಬಸಿಯದು. ಇವತ್ತು ಈಗ ಬತ್ತು, ಈಗ ಬತ್ತು ಹೇಳಿ ಕಾದು ಕೂತೆ, ಅನ್ನ ಪೂರಾ ಗಂಜಿ ಆಗೋತು. ಮಜ್ಜಿಗೆ ಇದ್ದನೇ ಒಂದು ಲೋಟ?"